ವಿಸಿಟ್ ವೀಸಾ ಕೈಗಿಟ್ಟು ದುಬೈನಲ್ಲಿ ಕೆಲಸ ಇದೆ ಅಂದರೆ ನಂಬಬೇಡಿ

ವಿಜಯಪುರ, ಇಂಡಿ, ಸಿಂದಗಿ ಕಡೆಯಿಂದ ದುಬೈಗೆ ಹೋಗುವ ತಯಾರಿಯಲ್ಲಿ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು 2023ರ ಮೇ ತಿಂಗಳಲ್ಲಿ ಹೋಗಿ ಜುಲೈನಲ್ಲಿ ವಾಪಸ್ ಬಂದೆ. ಮನೆಯಿಂದ ಹೋದ ದುಡ್ಡು ಎಲ್ಲಾ ಸೇರಿ 1,80,000 ರೂಪಾಯಿ. ತಿರುಗಿ ಬಂದದ್ದು ಬರೀ 40,000. ಏಜೆಂಟ್ ಹೆಸರು ಇಲ್ಲಿ ಬರೆಯೋದಿಲ್ಲ, ಪೊಲೀಸ್ ದೂರು ಇನ್ನೂ ನಡೀತಿದೆ. ಆದರೆ ಅವನು ಮಾಡಿದ್ದು ಏನು ಅಂತ ಬರೆಯುತ್ತೇನೆ, ಯಾಕಂದ್ರೆ ಇದನ್ನೇ ಮಾಡುವವರು ಇನ್ನೂ ಬಹಳ ಜನ ಇದ್ದಾರೆ.

ನಾನು ಐಟಿಐ ಮುಗಿಸಿ ಊರಲ್ಲೇ ಎಸಿ, ಫ್ರಿಜ್ ರಿಪೇರಿ ಮಾಡುತ್ತಿದ್ದೆ. ಬೇಸಿಗೆಯಲ್ಲಿ ಊಟಕ್ಕೂ ಪುರುಸೊತ್ತು ಇರೋದಿಲ್ಲ, ಮಳೆ ಬಿತ್ತಂದ್ರೆ ಕೆಲಸ ಖಾಲಿ. ತಂಗಿಯ ಮದುವೆ ಬೇರೆ ಮುಂದಿತ್ತು. ಆಗ ಪರಿಚಯದವರ ಕಡೆಯಿಂದ ಈ ಏಜೆಂಟ್ ಮನೆಗೆ ಬಂದ. ಚಹಾ ಕುಡಿದು ಅಪ್ಪನಿಗೆ ಹೇಳಿದ: "ಕಾಕಾ, ನಿಮ್ಮ ಮಗಾ ನನಗ ತಮ್ಮ ಇದ್ದಂಗ. ಇಳದ ಮರುದಿನಾನ ಡ್ಯೂಟಿ. ರೂಮ್ ಸುದ್ದಾ ನಾನಾ ನೋಡ್ತೀನಿ." ತಿಂಗಳಿಗೆ 1,800 ದಿರ್ಹಂ ಸಂಬಳ ಅಂದ. ಆಗ ಒಂದು ದಿರ್ಹಂ ಅಂದರೆ ಸುಮಾರು 22 ರೂಪಾಯಿ. ಅಪ್ಪ ಮನಸ್ಸಿನಲ್ಲೇ ಗುಣಿಸಿ ನೋಡಿ ನನ್ನ ಮುಖ ನೋಡಿದರು. ಅವ್ವನ ಬೋರಮಾಳ ಅಡ ಇಟ್ಟು, ಉಳಿದದ್ದು ಕೈಗಡ ತಂದು 1,20,000 ಕೊಟ್ಟೆವು. ರಸೀದಿ ಕೇಳಿದ್ದಕ್ಕೆ "ಮನಿ ಮಂದಿ ನಡುವ ಎಂಥಾ ರಸೀದಿ" ಅಂದ. ನಾವು ಸುಮ್ಮನಾದೆವು.

ಇಲ್ಲಿ ಗೊತ್ತಿರಬೇಕಾದ ವಿಷಯ ಒಂದಿದೆ, ನನಗೆ ಆಗ ಗೊತ್ತಿರಲಿಲ್ಲ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟ್ 1983ರ ಎಮಿಗ್ರೇಷನ್ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಲೇಬೇಕು. ಅವನು ನಮ್ಮಿಂದ ತೆಗೆದುಕೊಳ್ಳಬಹುದಾದ ಫೀ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿ ಕೊಡಬೇಕು. ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ನೋಂದಾಯಿತ ಏಜೆಂಟ್‌ಗಳ ಪಟ್ಟಿ ಇದೆ, ಮೊಬೈಲ್‌ನಲ್ಲೇ ನೋಡಬಹುದು. "ನಾನು ಮುಂಬೈಯ ದೊಡ್ಡ ಆಫೀಸಿನವರ ಕಡೆಯವನು" ಅಂತ ಊರೂರು ತಿರುಗುವ ಸಬ್ ಏಜೆಂಟ್‌ಗಳಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ನಮ್ಮ ಮನೆಗೆ ಬಂದವನು ಅಂಥವನೇ.

ಹೊರಡುವ ಎರಡು ದಿನ ಮುಂಚೆ ವೀಸಾ ವಾಟ್ಸಾಪ್‌ನಲ್ಲಿ ಬಂತು. ಅದರಲ್ಲಿ ಇದ್ದದ್ದು 60 ದಿನದ ವಿಸಿಟ್ ವೀಸಾ, ಅಂದರೆ ಸುತ್ತಾಡಿ ಬರಲು ಕೊಡುವಂಥದ್ದು, ಕೆಲಸದ್ದಲ್ಲ. ಕೇಳಿದ್ದಕ್ಕೆ "ಎಲ್ಲಾರೂ ಹಿಂಗಾ ಹೋಗ್ತಾರ, ಅಲ್ಲಿ ಕಂಪನಿಯವರು ಬದಲಿ ಮಾಡ್ತಾರ" ಅಂದ. ವಿಮಾನ ನಿಲ್ದಾಣದಲ್ಲಿ ಕೇಳಿದರೆ ಟೂರಿಗೆ ಹೊರಟಿದ್ದೇನೆ, ಚಿಕ್ಕಪ್ಪನ ಮಗ ಅಲ್ಲಿದ್ದಾನೆ ಅಂತ ಹೇಳಬೇಕು ಅಂತಲೂ ಕಲಿಸಿಕೊಟ್ಟ. ಸೊಲ್ಲಾಪುರದ ಮೇಲೆ ಹೋಗುವ ರಾತ್ರಿ ಬಸ್ಸಿನಲ್ಲಿ ಮುಂಬೈವರೆಗೂ ಅದನ್ನೇ ಬಾಯಿಪಾಠ ಮಾಡಿದೆ. ಇಮಿಗ್ರೇಷನ್ ಅಧಿಕಾರಿ ಚಿಕ್ಕಪ್ಪನ ಮಗನ ಹೆಸರು ಕೇಳಿದಾಗ ಗಂಟಲು ಒಣಗಿ ಹೋಯಿತು. ಹೇಗೋ ಒಂದು ಹೆಸರು ಹೇಳಿದೆ, ಅವರು ಮುದ್ರೆ ಹಾಕಿದರು. ಈಗ ಅನ್ನಿಸುತ್ತದೆ, ನಾನು ತಿರುಗಿ ಬರಬೇಕಿದ್ದದ್ದು ಅಲ್ಲಿಂದಲೇ. ಕೆಲಸಕ್ಕೆ ಹೋಗುವವನಿಗೆ ಸುಳ್ಳು ಹೇಳೋದು ಯಾಕೆ ಕಲಿಸಬೇಕು?

ಈಗ ರೂಮಿನ ಮಾತು. ಏಜೆಂಟ್ ಮೂರು ಫೋಟೋ ಕಳಿಸಿದ್ದ. ದೊಡ್ಡ ಕಿಟಕಿ, ಬಿಳಿ ಹಾಸಿಗೆ, ಗೋಡೆಗೆ ಕಪಾಟು. ಒಂದು ತಿಂಗಳ ಬಾಡಿಗೆ 700 ದಿರ್ಹಂ, ಡಿಪಾಸಿಟ್ 500, ಹೊರಡೋ ಮುಂಚೆಯೇ ಕಟ್ಟಿಸಿಕೊಂಡಿದ್ದ. 27,000 ರೂಪಾಯಿ ಅಲ್ಲಿಗೆ ಹೋಯಿತು. ದುಬೈನ ದೇರಾ ಏರಿಯಾದಲ್ಲಿ ಆ ವಿಳಾಸಕ್ಕೆ ಹೋದರೆ ಒಂದು ಹಳೆಯ ಕಟ್ಟಡ, ಎರಡು ಬೆಡ್‌ರೂಮ್ ಮನೆಯಲ್ಲಿ ಹನ್ನೊಂದು ಜನ. ಹಾಲ್‌ನಲ್ಲಿ ಪ್ಲೈವುಡ್ ಹೊಡೆದು ನಾಲ್ಕು ಗೂಡು ಮಾಡಿದ್ದರು. ನನಗೆ ಸಿಕ್ಕದ್ದು ಮೇಲಿನ ಮಂಚ, ಕಿಟಕಿ ಇಲ್ಲ. ಅದಕ್ಕೆ ಅಲ್ಲಿ ಬೆಡ್‌ಸ್ಪೇಸ್ ಅನ್ನುತ್ತಾರೆ. ಮಲಗಿದರೆ ಮುಖದ ಪಕ್ಕದಲ್ಲೇ ಪ್ಲೈವುಡ್, ಅದರ ಮೇಲೆ ನನಗಿಂತ ಮುಂಚೆ ಇದ್ದ ಯಾರೋ ಪೆನ್ಸಿಲ್‌ನಲ್ಲಿ ತೆಲುಗಿನಲ್ಲಿ ಲೆಕ್ಕ ಬರೆದಿದ್ದ. ನಮ್ಮ ಲಿಪಿಗೆ ಹತ್ತಿರ ಅಲ್ವಾ, ಅರ್ಧಂಬರ್ಧ ಓದಲು ಬರುತ್ತಿತ್ತು. 700, 300, 120, ಆಮೇಲೆ 'ಅಮ್ಮ' ಅಂತ ಬರೆದು ಮುಂದೆ ಏನೂ ಹಾಕಿರಲಿಲ್ಲ. ಎಷ್ಟೋ ರಾತ್ರಿ ನಿದ್ದೆ ಬರದೆ ಅದನ್ನೇ ನೋಡುತ್ತಾ ಬಿದ್ದಿದ್ದೇನೆ.

ಕೆಲಸ? ಮರುದಿನ ಯಾವ ಕಂಪನಿಯೂ ಕರೆಯಲಿಲ್ಲ. ಹತ್ತು ದಿನ ಆದ ಮೇಲೆ ಏಜೆಂಟ್‌ನ ಪರಿಚಯದ ಒಬ್ಬ ಗುತ್ತಿಗೆದಾರ ಬಂದು ಕರೆದುಕೊಂಡು ಹೋದ, ವೀಸಾ ಮಾಡಿಸುತ್ತೇನೆ ಅಂತ ಪಾಸ್‌ಪೋರ್ಟ್ ಇಸಿದುಕೊಂಡ. ವಿಲ್ಲಾಗಳ ಮಾಳಿಗೆ ಮೇಲೆ ಎಸಿ ಔಟ್‌ಡೋರ್ ತೊಳೆಯೋದು, ಗ್ಯಾಸ್ ತುಂಬೋದು. ಜೂನ್ ತಿಂಗಳ ಬಿಸಿಲು. ನಮ್ಮ ವಿಜಯಪುರದ ಬಿಸಿಲು ಕಂಡವನಿಗೂ ಅದು ಬೇರೆಯೇ, ಸಮುದ್ರದ ಕಡೆಯ ಬೇಗೆ, ಸ್ಪ್ಯಾನರ್ ಮುಟ್ಟಲು ಆಗೋದಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಿಸಿಲಿನಲ್ಲಿ ಹೊರಗೆ ಕೆಲಸ ಮಾಡಿಸಬಾರದು ಅಂತ ಅಲ್ಲಿ ನಿಯಮ ಇದೆ. ನಮ್ಮಿಂದ ಮಾಡಿಸಿದರು. 22 ದಿನ ದುಡಿದೆ. ಸಂಬಳ ಕೇಳಿದರೆ "ಮೊದಲು ವೀಸಾ ಬದಲಿಗೆ 6,000 ದಿರ್ಹಂ ಕೊಡು" ಅಂದ.

ದೂರು ಕೊಡಬೇಕಿತ್ತು ಅಂತ ನೀವು ಅನ್ನಬಹುದು. ಕೆಲಸದ ಕರಾರು ಇಲ್ಲ, ಲೇಬರ್ ಕಾರ್ಡ್ ಇಲ್ಲ, ಅಲ್ಲಿ ದುಡಿದೆ ಅನ್ನೋದಕ್ಕೆ ನನ್ನ ಹತ್ತಿರ ಒಂದು ಚೀಟಿಯೂ ಇಲ್ಲ. ಮೇಲಾಗಿ ವಿಸಿಟ್ ವೀಸಾದಲ್ಲಿ ದುಡಿಯೋದೇ ಅಲ್ಲಿ ಅಪರಾಧ. ಬಾಯಿ ಬಿಟ್ಟರೆ ಮೊದಲು ಸಿಕ್ಕಿಬೀಳೋದು ನಾವೇ ಅನ್ನೋ ಹೆದರಿಕೆ. ಇಂಥವರು ವಿಸಿಟ್ ವೀಸಾದವರನ್ನೇ ಹುಡುಕೋದು ಅದಕ್ಕೇ.

ಅದೇ ವಾರ ರೂಮಿನಲ್ಲಿ ಕರೆಂಟ್ ಹೋಯಿತು. ಬಿಲ್ ಕಟ್ಟಿರಲಿಲ್ಲ. ನಮ್ಮಿಂದ ಬಾಡಿಗೆ ವಸೂಲಿ ಮಾಡುತ್ತಿದ್ದವನ ಹೆಸರಿನಲ್ಲಿ ಆ ಮನೆಯೇ ಇರಲಿಲ್ಲ. ಅವನ ಫೋನ್ ಸ್ವಿಚ್ ಆಫ್. ಡಿಪಾಸಿಟ್ ಹೋಯಿತು. ಹನ್ನೊಂದು ಜನ ರಾತ್ರಿಯೆಲ್ಲಾ ಮೆಟ್ಟಿಲ ಮೇಲೆ ಕೂತಿದ್ದೆವು.

ಅಲ್ಲೇ ಜಮಖಂಡಿ ಕಡೆಯ ಒಬ್ಬ ಅಣ್ಣ ಇದ್ದರು. ಅವರೇ ಭಾರತ ಸರ್ಕಾರದ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ ಫೋನ್ ಹಚ್ಚಿ ಕೊಟ್ಟರು. ದುಬೈ ಇರುವ ದೇಶ ಯುಎಇಯಲ್ಲಿ ಅದರ ನಂಬರ್ 800 46342, ಉಚಿತ. ಬರೆದಿಟ್ಟುಕೊಳ್ಳಿ. ಬೇರೆಯವರು ಪಾಸ್‌ಪೋರ್ಟ್ ಇಟ್ಟುಕೊಳ್ಳೋದು ಕಾನೂನಿಗೆ ವಿರುದ್ಧ, ಪೊಲೀಸರಿಗೆ ಹೋಗಬಹುದು ಅಂತ ಕೇಂದ್ರದವರು ಹೇಳಿದರು. ಆ ಅಣ್ಣ ನನ್ನ ಜೊತೆ ಗುತ್ತಿಗೆದಾರನ ಹತ್ತಿರ ಬಂದು ಇದೇ ಮಾತು ಹೇಳಿದ ಮೇಲೆ ಪಾಸ್‌ಪೋರ್ಟ್ ಕೈಗೆ ಬಂತು. ವೀಸಾ ಮುಗಿಯೋಕೆ ಐದು ದಿನ ಇತ್ತು. ಅದರ ಮೇಲೆ ಉಳಿದರೆ ದಿನಕ್ಕೆ 50 ದಿರ್ಹಂ ದಂಡ. ಅಪ್ಪ ಮತ್ತೆ ಸಾಲ ಮಾಡಿ ಟಿಕೆಟ್ ಮಾಡಿಸಿದರು.

ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಆ ಜಮಖಂಡಿ ಅಣ್ಣನೇ ಒಂಬತ್ತು ವರ್ಷದಿಂದ ಅಲ್ಲಿ ಚೆನ್ನಾಗಿ ದುಡಿಯುತ್ತಿದ್ದಾರೆ. ಆದರೆ ಮನೆಯಿಂದ ಕಾಲು ಹೊರಗಿಡುವ ಮುಂಚೆ ಕೈಯಲ್ಲಿ ಅಲ್ಲಿನ ಕಾರ್ಮಿಕ ಸಚಿವಾಲಯದ ಆಫರ್ ಲೆಟರ್ ಇರಬೇಕು. ಅದರಲ್ಲಿರುವ ನಂಬರನ್ನು ಆ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಹಾಕಿ ನೋಡಬಹುದು, ಕಂಪನಿ ಹೆಸರು, ಸಂಬಳ ಎರಡೂ ತಾಳೆ ಆಗಬೇಕು. ವೀಸಾದ ಖರ್ಚು ಕಂಪನಿಯದು, ಕೆಲಸಗಾರನಿಂದ ವಸೂಲಿ ಮಾಡಬಾರದು ಅಂತ ಅಲ್ಲಿನ ಕಾನೂನೇ ಹೇಳುತ್ತದೆ. ಹತ್ತನೇ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ (ಎಮಿಗ್ರೇಷನ್ ತಪಾಸಣೆ ಬೇಕು ಅನ್ನುವ ಗುರುತು) ಆಗಿರುತ್ತದೆ, ಯುಎಇ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಲು ಅವರಿಗೆ ಸರ್ಕಾರದ ಎಮಿಗ್ರೇಷನ್ ಅನುಮತಿ ಬೇಕು. ಆ ತಪಾಸಣೆ ತಪ್ಪಿಸೋದಕ್ಕೂ ಏಜೆಂಟ್‌ಗಳು ವಿಸಿಟ್ ವೀಸಾ ಹಿಡಿಸುತ್ತಾರೆ.

ರೂಮಿಗೆ ಇಲ್ಲಿಂದಲೇ ಒಂದು ಪೈಸೆಯನ್ನೂ ಕಳಿಸಬೇಡಿ. ಮೊದಲ ವಾರ ದಿನದ ಲೆಕ್ಕದ ಹಾಸ್ಟೆಲ್‌ನಲ್ಲಿ ಇರಿ, ಕಣ್ಣಾರೆ ನೋಡಿ ಆಮೇಲೆ ಕೊಡಿ. ದುಬೈನಲ್ಲಿ ಬಾಡಿಗೆ ಕರಾರು 'ಇಜಾರಿ' ಅಂತ ನೋಂದಣಿ ಆಗಿರುತ್ತದೆ, ದುಡ್ಡು ಕೇಳುವವನ ಹೆಸರು ಅದರಲ್ಲಿ ಇದೆಯಾ ಅಂತ ನೋಡಿ. ಜೊತೆಗೆ ಇರುವವರ ಹೆಸರೂ ನೋಂದಾಯಿಸಬೇಕು ಅಂತ 2022ರಲ್ಲೇ ನಿಯಮ ಬಂದಿದೆ. ಅನುಮತಿ ಇಲ್ಲದ ಪ್ಲೈವುಡ್ ಪಾರ್ಟಿಷನ್‌ಗಳನ್ನು 2025ರಲ್ಲಿ ರಿಗ್ಗಾ, ಸತ್ವಾ ಕಡೆಯೆಲ್ಲಾ ಮುನ್ಸಿಪಾಲಿಟಿಯವರು ತೆಗೆಸಿದರು. ಅಂಥ ಗೂಡಿಗೆ ತಿಂಗಳ ಬಾಡಿಗೆ ಕೊಟ್ಟವರು ಒಮ್ಮೆಲೇ ಬೀದಿಗೆ ಬೀಳುತ್ತಾರೆ.

ಮೊನ್ನೆ ನಮ್ಮ ಓಣಿಯ ಒಬ್ಬ ಹುಡುಗ ಒಂದು ಆಫರ್ ಲೆಟರ್ ತಂದು ತೋರಿಸಿದ. ಸಂಬಳ 2,000 ದಿರ್ಹಂ, ಕೆಳಗೆ ದೊಡ್ಡ ಸೀಲು. ನಮ್ಮ ಕಟ್ಟೆ ಮೇಲೆ ಕೂತು ಅಲ್ಲಿನ ಕಾರ್ಮಿಕ ಸಚಿವಾಲಯದ ವೆಬ್‌ಸೈಟ್‌ನಲ್ಲಿ ಅದರ ನಂಬರ್ ಹಾಕಿದೆವು. ಮೂರು ಸಲ ಹಾಕಿದರೂ ಏನೂ ಬರಲಿಲ್ಲ. ಅವನ ಅಪ್ಪನೂ ಜೊತೆಗಿದ್ದರು. ಒಣದ್ರಾಕ್ಷಿ ಮಾರಿದ ದುಡ್ಡನ್ನು ಮರುದಿನ ಬ್ಯಾಂಕಿನಿಂದ ತೆಗೆಯಬೇಕು ಅಂತ ಇದ್ದರಂತೆ. ಆ ದುಡ್ಡು ಇನ್ನೂ ಬ್ಯಾಂಕಿನಲ್ಲೇ ಇದೆ.