ಭರತ್‌ಪುರದ ಘಾನಾದಲ್ಲಿ ಬಾಡಿಗೆ ಸೈಕಲ್: ಹತ್ತುವ ಮುನ್ನ ಇದನ್ನು ಓದಿ

ಬಂಡೀಪುರ, ನಾಗರಹೊಳೆಗಳ ಸಫಾರಿ ದಾರಿಯಲ್ಲಿ ಸೈಕಲ್ ತುಳಿಯಲು ಬಿಡುವುದಿಲ್ಲ. ಹಾಗಾಗಿ ರಾಜಸ್ಥಾನದ ಭರತ್‌ಪುರದಲ್ಲಿ ರಾಷ್ಟ್ರೀಯ ಉದ್ಯಾನದೊಳಗೇ ಸೈಕಲ್ ಬಿಡುತ್ತಾರೆ, ಕಾರುಗಳ ಕಾಟವಿಲ್ಲ ಎಂದು ಕೇಳಿದವರು ದೆಹಲಿ, ಆಗ್ರಾ, ಜೈಪುರ ಸುತ್ತುವಾಗ ಅಲ್ಲಿಗೆ ಅರ್ಧ ದಿನ ಇಟ್ಟುಕೊಳ್ಳುತ್ತಾರೆ. ಕೇಳಿದ್ದು ಸುಳ್ಳಲ್ಲ. ನೀರಹಕ್ಕಿಗಳಿಗೆ ಹೆಸರಾದ, ಊರವರು ಘಾನಾ ಎನ್ನುವ ಕೇವಲಾದೇವ್ ಉದ್ಯಾನ ಸುಮಾರು 29 ಚದರ ಕಿಲೋಮೀಟರ್, ಅಂಗೈಯಂತೆ ಸಮತಟ್ಟು. 1985ರಿಂದ ಯುನೆಸ್ಕೋ ಪಟ್ಟಿಯಲ್ಲಿರುವ ಜಾಗ. ಗೇಟಿನಿಂದ ನಡುವಿನ ಕೇವಲಾದೇವ್ ಗುಡಿಯವರೆಗೆ ಸುಮಾರು ಐದು ಕಿಲೋಮೀಟರ್ ಡಾಂಬರು ರಸ್ತೆ, ಬದಿಯಲ್ಲಿ ಮರಗಳ ನೆರಳು, ಅದರಾಚೆ ನೀರು. ಹತ್ತು ವರ್ಷದ ಮಗುವೂ ಆರಾಮಾಗಿ ತುಳಿಯಬಹುದು. ಅಲ್ಲಿ ದಿನ ಕೆಡುವುದು ರಸ್ತೆಯಿಂದಲ್ಲ, ಸೈಕಲ್ಲಿನಿಂದ.

ಬೆಂಗಳೂರಿನಿಂದ ಹೋದ ನಾಲ್ವರ ಗುಂಪೊಂದಕ್ಕೆ ಮಾರ್ಚ್ ತಿಂಗಳಲ್ಲಿ ಆದದ್ದು ಹೀಗೆ. ಗೇಟು ತಲುಪಿದ್ದೇ ಬೆಳಿಗ್ಗೆ ಹತ್ತಕ್ಕೆ. ಸಾಲಾಗಿ ನಿಲ್ಲಿಸಿದ್ದರಲ್ಲಿ ನಾಲ್ಕು ಸೈಕಲ್ಲು ಎಳೆದುಕೊಂಡು, ಅಸಲಿ ಆಧಾರ್ ಕಾರ್ಡನ್ನು ಅಂಗಡಿಯಲ್ಲಿ ಒತ್ತೆಯಿಟ್ಟು, ತಲೆಗೆ ಅರ್ಧ ಲೀಟರ್ ನೀರು ಹಿಡಿದು ಹೊರಟರು. ಗುಡಿ ಮುಟ್ಟುವ ಹೊತ್ತಿಗೆ ಒಂದು ಸೈಕಲ್ಲಿನ ಹಿಂದಿನ ಚಕ್ರ ಚಪ್ಪಟೆ. ಏರಿಯ ಮೇಲಿನ ಮಣ್ಣುದಾರಿಗೆ ತಿರುಗಿದ ಇನ್ನೊಂದಕ್ಕೆ ಮುಳ್ಳು ಹೊಕ್ಕಿತು. ಒಳಗೆ ಪಂಚರ್ ಅಂಗಡಿ ಇಲ್ಲ, ಇವರ ಹತ್ತಿರ ಪಂಪೂ ಇಲ್ಲ. ಸ್ವಲ್ಪ ದೂರ ಗಾಳಿಯಿಲ್ಲದ ಚಕ್ರದಲ್ಲೇ ತುಳಿದು, ಮಿಕ್ಕ ದಾರಿ ಮಧ್ಯಾಹ್ನದ ಬಿಸಿಲಲ್ಲಿ ತಳ್ಳಿಕೊಂಡು ಬಂದರು. ಹಾಗೆ ತುಳಿದದ್ದರಿಂದ ಟೈರು ರಿಮ್ಮಿನ ಮೇಲೆ ಜಾರಿ, ಟ್ಯೂಬು ವಾಲ್ವಿನ ಬುಡದಲ್ಲೇ ಹರಿದಿತ್ತು. ಅಲ್ಲಿ ಹರಿದದ್ದಕ್ಕೆ ಪ್ಯಾಚು ನಿಲ್ಲುವುದಿಲ್ಲ. ಹೊಸ ಟ್ಯೂಬಿನ ದುಡ್ಡು ಎಣಿಸುವವರೆಗೆ ಆಧಾರ್ ಕೈಗೆ ಬರಲಿಲ್ಲ.

ಗಮನಿಸಬೇಕಾದ್ದು ಏನೆಂದರೆ, ಆ ಮೊದಲ ಸೈಕಲ್ಲಿಗೆ ಪಂಚರೇ ಆಗಿರಲಿಲ್ಲ. ಹಳೇ ಮಾದರಿಯ ಕಪ್ಪು ಸೈಕಲ್ಲುಗಳ ವಾಲ್ವಿನೊಳಗೆ ಒಂದು ಲೋಹದ ಕಡ್ಡಿ ಇರುತ್ತದೆ, ಅದರ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು. ಆ ತೂತನ್ನು ಮುಚ್ಚುವುದು ಕಡ್ಡಿಗೆ ತೊಡಿಸಿದ ತೆಳು ರಬ್ಬರ್ ನಳಿಕೆ, ಅಂದರೆ ವಾಲ್ ಟ್ಯೂಬು. ದಿನವಿಡೀ ಬಿಸಿಲಲ್ಲಿ ನಿಂತ ಸೈಕಲ್ಲಿನಲ್ಲಿ ಈ ರಬ್ಬರು ಅಂಟಂಟಾಗಿ ಸೀಳುತ್ತದೆ, ಗಾಳಿ ಮೆಲ್ಲಗೆ ಸೋರುತ್ತದೆ. ಅಂಗಡಿಯವರು ಬೆಳಿಗ್ಗೆ ಗಾಳಿ ಹೊಡೆದಿರುತ್ತಾರೆ, ಆದ್ದರಿಂದ ಗೇಟಿನಲ್ಲಿ ಗೊತ್ತೇ ಆಗುವುದಿಲ್ಲ. ಮೇಲಿನ ಮುಚ್ಚಳ ತೆಗೆದು ವಾಲ್ವಿನ ಬಾಯಿಗೆ ಎಂಜಲು ಹಚ್ಚಿ, ಹತ್ತು ಎಣಿಸಿ. ಗುಳ್ಳೆ ಎದ್ದರೆ ಆ ಸೈಕಲ್ ಬೇಡ, ಇಲ್ಲವೇ ಅಲ್ಲೇ ಹೊಸ ವಾಲ್ ಟ್ಯೂಬು ಹಾಕಿಸಿ. ಮೂರು ಸೆಂಟಿಮೀಟರ್ ರಬ್ಬರು, ಎರಡು ನಿಮಿಷದ ಕೆಲಸ. ನಮ್ಮೂರ ಸೈಕಲ್ ಅಂಗಡಿಯಲ್ಲೇ ಎರಡು ತುಂಡು ಕೊಂಡು ಪರ್ಸಿನಲ್ಲಿಟ್ಟುಕೊಂಡು ಹೋದರೆ ಇನ್ನೂ ಒಳ್ಳೆಯದು.

ಮಿಕ್ಕ ಪರೀಕ್ಷೆಗೂ ಐದು ನಿಮಿಷ ಕೊಡಿ. ಮುಂದಿನ ಬ್ರೇಕ್ ಒತ್ತಿ ಸೈಕಲ್ಲನ್ನು ಮುಂದಕ್ಕೆ ತಳ್ಳಿದರೆ ಹಿಂದಿನ ಚಕ್ರ ನೆಲ ಬಿಡಬೇಕು. ಹಿಂದಿನದನ್ನು ಒತ್ತಿ ತಳ್ಳಿದರೆ ಚಕ್ರ ಉರುಳದೆ ಎಳೆಯಬೇಕು. ನೀಲಗಾಯ್ ಎಂಬ ದೊಡ್ಡ ಜಿಂಕೆಯಂಥ ಪ್ರಾಣಿ ಪೊದೆಯಿಂದ ನೇರ ರಸ್ತೆಗೆ ನುಗ್ಗುವ ಜಾಗ ಅದು, ಸಮತಟ್ಟು ನೆಲವೆಂದು ಬ್ರೇಕಿನ ವಿಷಯದಲ್ಲಿ ಉದಾಸೀನ ಮಾಡಬೇಡಿ. ಮುಂದಿನ ಚಕ್ರವನ್ನು ಮೊಣಕಾಲಿನ ನಡುವೆ ಹಿಡಿದು ಹ್ಯಾಂಡಲ್ ತಿರುಚಿ. ಅಲುಗಿದರೆ ನಟ್ಟು ಬಿಗಿ ಮಾಡಿಸಿ. ಚೈನನ್ನು ನಡುವೆ ಬೆರಳಿಂದ ಎತ್ತಿದರೆ ಅರ್ಧ ಇಂಚು ಆಡಿದರೆ ಸರಿ, ಒಂದು ಇಂಚು ಆಡಿದರೆ ಮಣ್ಣುದಾರಿಯ ಮೊದಲ ಗುಂಡಿಯಲ್ಲೇ ಕಳಚಿಕೊಳ್ಳುತ್ತದೆ. ಸೀಟು: ಹಿಮ್ಮಡಿಯನ್ನು ಕೆಳಗಿನ ಪೆಡಲಿನ ಮೇಲಿಟ್ಟಾಗ ಕಾಲು ನೇರವಾಗಬೇಕು. ಬೀಗ, ಕೀಲಿ ಇಲ್ಲದ ಸೈಕಲ್ ಬೇಡ, ಏಕೆಂದರೆ ಹಕ್ಕಿ ನೋಡಲು ಅದನ್ನು ಬಿಟ್ಟು ಅತ್ತಿತ್ತ ನಡೆಯಲೇಬೇಕಾಗುತ್ತದೆ. ಹೊರಡುವ ಮುಂಚೆ ಸೈಕಲ್ಲಿನ ನಾಲ್ಕೂ ಬದಿಯ ಫೋಟೋ ತೆಗೆಯಿರಿ. ಒತ್ತೆಗೆ ಆಧಾರಿನ ನಕಲು ಮತ್ತು ಸ್ವಲ್ಪ ಹಣ ಕೊಡಿ, ಅಸಲಿ ಬೇಡ.

ಇನ್ನು ಮುಳ್ಳು. ಡಾಂಬರು ಬಿಟ್ಟು ಏರಿಗಳ ಮೇಲೆ ಹೋಗದಿದ್ದರೆ ಘಾನಾದ ಸೊಗಸು ಅರ್ಧವೂ ಸಿಗುವುದಿಲ್ಲ, ಆದರೆ ಅಲ್ಲಿರುವುದು ಜಾಲಿ. ನಮ್ಮಲ್ಲಿ ಬಳ್ಳಾರಿ ಜಾಲಿ ಎಂದು ಕರೆಯುವ ಅದೇ ಗಿಡ ಅಲ್ಲೂ ಹಬ್ಬಿದೆ. ಒಣಗಿ ಬಿದ್ದ ಕೊಂಬೆಯ ಮುಳ್ಳು ಟೈರು, ಟ್ಯೂಬು ಎರಡನ್ನೂ ದಾಟುತ್ತದೆ. ಎರಡು ಚಕ್ರದ ಜಾಡು ಸವೆದ ದಾರಿಯಲ್ಲಿ ಆ ಜಾಡಿನಲ್ಲೇ ಹೋಗಿ, ಅಂಚಿನ ತರಗೆಲೆಯ ಮೇಲೆ ಹತ್ತಿಸಬೇಡಿ. ಕೊಂಬೆ ಅಡ್ಡ ಬಿದ್ದಿದ್ದರೆ ಇಳಿದು ಸೈಕಲ್ಲನ್ನು ಎತ್ತಿ ದಾಟಿಸಿ. ಮುಳ್ಳು ಚುಚ್ಚಿದ್ದು ಕಂಡರೆ, ಪ್ಯಾಚ್ ಸಾಮಾನು ಇಲ್ಲದ ಪಕ್ಷದಲ್ಲಿ ಅದನ್ನು ಕೀಳಲೇಬೇಡಿ. ತೂತಿಗೆ ಅದೇ ಬಿರಡೆ. ಇಳಿದು ತಳ್ಳುತ್ತಾ ಡಾಂಬರಿಗೆ ಬಂದು, ಗಾಳಿ ನಿಂತಿದ್ದರೆ ಮೆಲ್ಲಗೆ ತುಳಿದು ಗೇಟಿಗೆ ತಿರುಗಿ. ಸಾಮಾನು ಇದ್ದವರು ಪ್ಯಾಚು ಹಾಕಿದ ಮೇಲೆ ಟೈರಿನ ಒಳಮೈ ಪೂರ್ತಿ ಬೆರಳಾಡಿಸಿ ನೋಡಬೇಕು. ಮುರಿದ ಮೊನೆ ಅಲ್ಲೇ ಉಳಿದಿದ್ದರೆ ಅರ್ಧ ಕಿಲೋಮೀಟರಿಗೆ ಮತ್ತೆ ಪಂಚರು.

ಹೊತ್ತಿನ ಲೆಕ್ಕವೂ ಮುಖ್ಯ. ನವೆಂಬರಿನಿಂದ ಫೆಬ್ರವರಿವರೆಗೆ ವಲಸೆ ಹಕ್ಕಿಗಳ ಕಾಲ. ಡಿಸೆಂಬರ್ ಕೊನೆ ಮತ್ತು ಜನವರಿಯಲ್ಲಿ ಮಂಜು ಕವಿದರೆ ಒಂಬತ್ತು, ಹತ್ತು ಗಂಟೆವರೆಗೆ ಇಪ್ಪತ್ತು ಮೀಟರಾಚೆ ಏನೂ ಕಾಣದ ದಿನಗಳಿವೆ. ಬೆಂಗಳೂರಿನ ಸ್ವೆಟರಿನಲ್ಲಿ ಹೋಗಿ ಸೈಕಲ್ ತುಳಿದರೆ ಬೆರಳು ಮರಗಟ್ಟಿ ಬ್ರೇಕೇ ಹಿಡಿಯಲಾಗುವುದಿಲ್ಲ. ಕೈಗವಸು ಬೇಕೇ ಬೇಕು. ಮಾರ್ಚಿನಿಂದಾಚೆ ಬೆಳಿಗ್ಗೆ ಗೇಟು ತೆರೆಯುತ್ತಲೇ ಒಳಗಿದ್ದು ಹತ್ತೂವರೆಗೆ ಹೊರಬನ್ನಿ. ತಲೆಗೆ ಎರಡು ಲೀಟರ್ ನೀರು. ಬಾಳೆಹಣ್ಣು, ಬಿಸ್ಕತ್ತನ್ನು ಹ್ಯಾಂಡಲಿಗೆ ನೇತುಹಾಕಿದರೆ ಕೋತಿಗಳು ಬಿಡುವುದಿಲ್ಲ, ಚೀಲದೊಳಗೆ ಇರಲಿ. ಚಳಿಗಾಲದಲ್ಲಿ ಹೆಬ್ಬಾವುಗಳು ಬಿಲದ ಬಾಯಲ್ಲಿ ಬಿಸಿಲು ಕಾಯುತ್ತವೆ. ನೋಡುವುದಿದ್ದರೆ ದಾರಿಯಿಂದಲೇ ನೋಡಿ.

ಮನೆಯ ಹಿರಿಯರಿಗೆ ಸೈಕಲ್ಲಿಗಿಂತ ರಿಕ್ಷಾ ಮೇಲು. ಅವನ್ನು ಓಡಿಸುವವರಲ್ಲಿ ಹಲವರು ತರಬೇತಿ ಪಡೆದವರು, ಯಾವ ಕೊಂಬೆಯಲ್ಲಿ ಗೂಬೆ ಕೂರುತ್ತದೆ ಎಂಬುದು ಅವರಿಗೆ ಗೊತ್ತು. ರಿಕ್ಷಾದ ಜೊತೆಜೊತೆಗೇ ಮಿಕ್ಕವರು ಸೈಕಲ್ ತುಳಿದರೆ ಎರಡೂ ಆಯಿತು. ರಿಕ್ಷಾ ಇಕ್ಕಟ್ಟಾದ ಏರಿಗಳಿಗೆ ಬರುವುದಿಲ್ಲ, ಅಷ್ಟೇ.

ಟಿಕೆಟ್ ಬುಕ್ ಮಾಡುವ ಮುಂಚೆ ನೋಡಬೇಕಾದ್ದು ನೀರು. ಘಾನಾ ತಾನಾಗಿ ತುಂಬುವ ಕೆರೆಯಲ್ಲ. ಹದಿನೆಂಟನೇ ಶತಮಾನದಲ್ಲಿ ಭರತ್‌ಪುರದ ಅರಸ ಸೂರಜ್‌ಮಲ್ ಕಟ್ಟಿಸಿದ ಅಜಾನ್ ಬಂಡ್ ಎಂಬ ಕಟ್ಟೆಯ ಮೂಲಕ ಗಂಭೀರ್ ನದಿಯ ನೀರು ಬರಬೇಕು. ನದಿಯ ಮೇಲ್ಭಾಗದ ಕರೌಲಿಯಲ್ಲಿ ಪಾಂಚನಾ ಅಣೆಕಟ್ಟು ಆದಮೇಲೆ ಆ ನೀರಿಗೆ ಖಾತರಿಯಿಲ್ಲ. ಚಂಬಲ್ ನದಿಯಿಂದ ಪೈಪಿನಲ್ಲಿ ತರುವ ನೀರೂ ಅದಕ್ಕೆ ಪೂರ್ತಿ ಸಾಟಿಯಲ್ಲ. ಮಳೆ ಕೈಕೊಟ್ಟ ವರ್ಷ ಹೋದರೆ ಬಿರುಕುಬಿಟ್ಟ ಮಣ್ಣಿನ ಪಕ್ಕ ಸೈಕಲ್ ತುಳಿದು ಬರುತ್ತೀರಿ. ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಹಿಂದಿನ ಹತ್ತು ದಿನದ ಪಟ್ಟಿಗಳನ್ನು ತೆರೆದು ನೋಡಿ. ಪಟ್ಟೆತಲೆ ಹೆಬ್ಬಾತು, ಬಣ್ಣದ ಕೊಕ್ಕರೆ, ಬಾತುಗಳು ನೂರರ ಲೆಕ್ಕದಲ್ಲಿದ್ದರೆ ನೀರಿದೆ ಎಂದರ್ಥ. ಬರೀ ಮೈನಾ, ಹರಟೆಮಲ್ಲಗಳೇ ತುಂಬಿದ್ದರೆ ಆ ಅರ್ಧ ದಿನವನ್ನು ಆಗ್ರಾಕ್ಕೇ ಕೊಡಿ.