ಎಸ್‌ಎಂಪಿಎಸ್ ಬದಲಾಯಿಸಿದರೆ ಹಳೆಯ ಕೇಬಲ್ ಒಂದನ್ನೂ ಉಳಿಸಬೇಡಿ

ಮೊದಲು ವಿಷಯ ಹೇಳಿಬಿಡುತ್ತೇನೆ, ಕಥೆ ಆಮೇಲೆ. ಡೆಸ್ಕ್‌ಟಾಪ್‌ನ ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ ಹಾಗೆ ಮಾಡಿಕೊಡುವ ಪವರ್ ಸಪ್ಲೈ, ಬದಲಾಯಿಸುವಾಗ ಅದರ ಕೇಬಲ್‌ಗಳನ್ನೂ ಪೂರ್ತಿ ಬದಲಾಯಿಸಬೇಕು. ಹಳೆಯ ಕೇಬಲ್ ಹೊಸ ಎಸ್‌ಎಂಪಿಎಸ್‌ಗೆ ಸಲೀಸಾಗಿ ಕೂತರೂ ಅದನ್ನು ಹಾಕಬಾರದು. ಸಲೀಸಾಗಿ ಕೂರುತ್ತದೆ ಅನ್ನುವುದರಲ್ಲೇ ಅಪಾಯ ಇರುವುದು. ನಮ್ಮ ಮನೆಯ ಸಿಸ್ಟಮ್‌ನಲ್ಲಿ ಡೇಟಾ ಇಡುವ ಎರಡು ಡ್ರೈವ್‌ಗಳು, ಒಂದು ಎಸ್‌ಎಸ್‌ಡಿ, ಒಂದು ಹಾರ್ಡ್ ಡಿಸ್ಕ್, ಹೀಗೇ ಹೋದವು. ಹೊಗೆ ಬರಲಿಲ್ಲ, ಸುಟ್ಟ ವಾಸನೆಯೂ ಇಲ್ಲ. ಸದ್ದಿಲ್ಲದೆ ಹೋದವು.

ಶುರುವಾಗಿದ್ದು ಮಾಮೂಲಿ ತೊಂದರೆಯಿಂದ. ಸಿಸ್ಟಮ್ ನಡುನಡುವೆ ತಾನಾಗೇ ಆಫ್ ಆಗುತ್ತಿತ್ತು. ಬ್ರೌಸರ್ ತೆರೆದುಕೊಂಡು ಕೂತರೆ ಏನೂ ಆಗುತ್ತಿರಲಿಲ್ಲ. ತಮ್ಮ ಗೇಮ್ ಹಾಕಿದರೆ, ಇಲ್ಲವೇ ದೊಡ್ಡ ವಿಡಿಯೊ ಎಡಿಟ್ ಮಾಡಲು ಕೂತರೆ ಮಾತ್ರ ಪಕ್ಕನೆ ಕತ್ತಲೆ. ಒಂದು ಬೆಳಗ್ಗೆ ಬಟನ್ ಒತ್ತಿದರೆ ಫ್ಯಾನೂ ಇಲ್ಲ, ಲೈಟೂ ಇಲ್ಲ. ಲೋಡ್ ಬಿದ್ದಾಗ ಆಫ್ ಆಗುತ್ತಿದ್ದ ಸಿಸ್ಟಮ್ ಕೊನೆಗೆ ಪೂರ್ತಿ ನಿಂತುಹೋದರೆ ಮೊದಲ ಅನುಮಾನ ಎಸ್‌ಎಂಪಿಎಸ್ ಮೇಲೇ ಹೋಗಬೇಕು. ರಿಪೇರಿಯವರೂ ಅದನ್ನೇ ಹೇಳಿದರು. ಅಲ್ಲಿಯವರೆಗೆ ಅವರು ಹೇಳಿದ್ದು ಸರಿಯಾಗೇ ಇತ್ತು. ತೊಂದರೆಯನ್ನು ಸರಿಯಾಗಿ ಹಿಡಿದರು, ಸರಿಪಡಿಸುವಾಗ ಕೆಡಿಸಿದರು.

ಹೊಸ ಎಸ್‌ಎಂಪಿಎಸ್ ಹಾಕಿದ ದಿನವೇ ಫೋನ್ ಬಂತು. "ಮೇಡಂ, ಮದರ್‌ಬೋರ್ಡೂ ಡೆಡ್ ಆಗಿದೆ. ಹಳೇ ಎಸ್‌ಎಂಪಿಎಸ್ ಹೋಗುವಾಗ ಬೋರ್ಡನ್ನೂ ಹೊಡೆದು ಹೋಗಿದೆ. ಪ್ರೊಸೆಸರ್ ಉಳಿದಿದ್ಯಾ ಅಂತ ನೋಡ್ಬೇಕು."

ಕೇಳಿದರೆ ನಂಬುವ ಹಾಗೇ ಇದೆ. ಹಾಗೆ ಆಗುವುದೂ ಉಂಟು. ಆದರೆ ಬೇರೆ ಬೋರ್ಡ್ ಇಟ್ಟು ನೋಡಿದ್ರಾ ಅಂತ ಕೇಳಿದೆ. ಇಲ್ಲ. ಡ್ರೈವ್ ಎಲ್ಲಾ ಬಿಚ್ಚಿ ಆನ್ ಮಾಡಿದ್ರಾ? "ಡ್ರೈವ್‌ಗೂ ಇದಕ್ಕೂ ಸಂಬಂಧ ಇಲ್ಲ ಮೇಡಂ, ಆನೇ ಆಗ್ತಿಲ್ಲ ಅಲ್ವಾ." ಬಟನ್ ಒತ್ತಿದರೆ ಏನಾಗುತ್ತದೆ ಅಂದಿದ್ದಕ್ಕೆ, "ಟಕ್ ಅನ್ನುತ್ತೆ, ಫ್ಯಾನ್ ಸ್ವಲ್ಪ ಅಲ್ಲಾಡಿ ನಿಲ್ಲುತ್ತೆ" ಅಂದರು. ಹೊಸ ಬೋರ್ಡ್ ತರಿಸಬೇಡಿ ಅಂತ ಹೇಳಿ ಕ್ಯಾಬಿನೆಟ್ ಅನ್ನು ಮನೆಗೆ ತಂದೆವು.

ಆ "ಸ್ವಲ್ಪ ಅಲ್ಲಾಡಿ ನಿಲ್ಲುತ್ತೆ" ಅನ್ನುವುದು ತುಂಬ ಮುಖ್ಯವಾದ ಸುಳಿವು. ಬಟನ್ ಒತ್ತಿದಾಗ ಬೋರ್ಡ್ ಎಸ್‌ಎಂಪಿಎಸ್‌ಗೆ ಶುರು ಮಾಡು ಅಂತ ಸೂಚನೆ ಕೊಡುತ್ತದೆ. ಎಸ್‌ಎಂಪಿಎಸ್ ತನ್ನ 12, 5, 3.3 ವೋಲ್ಟ್ ಲೈನ್‌ಗಳನ್ನು ಎಬ್ಬಿಸುತ್ತದೆ. ಎಲ್ಲಾ ಸರಿಯಾಗಿದ್ದರೆ ಅರ್ಧ ಸೆಕೆಂಡಿನೊಳಗೆ "ಪವರ್ ಗುಡ್" ಅನ್ನುವ ಸಿಗ್ನಲ್ ಕಳಿಸುತ್ತದೆ. ಅದು ಬರುವ ತನಕ ಪ್ರೊಸೆಸರ್ ಕೆಲಸ ಶುರು ಮಾಡುವುದೇ ಇಲ್ಲ. ಈ ನಡುವೆ ಯಾವುದಾದರೂ ಲೈನ್ ಶಾರ್ಟ್ ಆಗಿರುವುದು ಕಂಡರೆ ಎಸ್‌ಎಂಪಿಎಸ್ ಕೂಡಲೇ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಫ್ಯಾನ್ ಕಾಲು ಸುತ್ತು ತಿರುಗುವಷ್ಟು ಕರೆಂಟ್ ಮಾತ್ರ ಆ ಹೊತ್ತಿಗೆ ಸಿಕ್ಕಿರುತ್ತದೆ. ಅಂದರೆ ಫ್ಯಾನ್ ಹೀಗೆ ಕೊಸರಿ ನಿಂತರೆ ಎಸ್‌ಎಂಪಿಎಸ್ ಏಳುತ್ತಿದೆ, ಆದರೆ ಎಲ್ಲೋ ಒಂದು ಶಾರ್ಟ್ ಅದನ್ನು ತಡೆಯುತ್ತಿದೆ ಅಂತ ಮೊದಲು ಅನುಮಾನಿಸಬೇಕು. ಆ ಶಾರ್ಟ್ ಬೋರ್ಡ್‌ನಲ್ಲಿರಬಹುದು, ಗ್ರಾಫಿಕ್ಸ್ ಕಾರ್ಡ್‌ನಲ್ಲಿರಬಹುದು, ಮುರಿದ ಯುಎಸ್‌ಬಿ ಪೋರ್ಟ್‌ನಲ್ಲಿರಬಹುದು, ಬೋರ್ಡ್‌ನ ಕೆಳಗೆ ಬಿದ್ದ ಸ್ಕ್ರೂ ಇರಬಹುದು, ಡ್ರೈವ್‌ನಲ್ಲೂ ಇರಬಹುದು. ಒಂದೊಂದನ್ನೇ ಬಿಚ್ಚದೆ ಯಾವುದು ಅಂತ ಹೇಳಲು ಬರುವುದಿಲ್ಲ.

ಬೇರೆ ಲಕ್ಷಣಗಳ ದಾರಿಯೇ ಬೇರೆ. ಏನೂ ಅಲ್ಲಾಡದಿದ್ದರೆ ಗೋಡೆಯ ಸಾಕೆಟ್, ಎಸ್‌ಎಂಪಿಎಸ್ ಹಿಂದಿನ ಸ್ವಿಚ್, ಆಮೇಲೆ ಕ್ಯಾಬಿನೆಟ್‌ನ ಬಟನ್ ನೋಡಬೇಕು. ಬಟನ್‌ನ ವೈರ್ ಬೋರ್ಡ್‌ಗೆ ಸೇರುವ ಎರಡು ಪಿನ್‌ಗಳನ್ನು ಸ್ಕ್ರೂಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದಾಗ ಆನ್ ಆದರೆ ಬಟನ್ನೇ ಹಾಳಾಗಿದೆ. ಫ್ಯಾನ್ ತಿರುಗುತ್ತಲೇ ಇದ್ದು ಡಿಸ್‌ಪ್ಲೇ ಬರದಿದ್ದರೆ ರ‍್ಯಾಮ್‌ನಿಂದ ಶುರು ಮಾಡಿ: ಒಂದೇ ಸ್ಟಿಕ್, ನಾಲ್ಕು ಸ್ಲಾಟ್ ಇರುವ ಬೋರ್ಡ್ ಆದರೆ ಸಾಮಾನ್ಯವಾಗಿ ಪ್ರೊಸೆಸರ್ ಕಡೆಯಿಂದ ಎರಡನೆಯದರಲ್ಲಿ. ಪ್ರೊಸೆಸರ್ ಪಕ್ಕದ 8 ಪಿನ್ ಕೇಬಲ್ ಹಾಕಲು ಮರೆತಿದ್ದರೂ ಹೀಗೇ ಆಗುತ್ತದೆ. ಡಿಡಿಆರ್5 ರ‍್ಯಾಮ್ ಹೊಸದಾಗಿ ಹಾಕಿದಾಗ ಮೊದಲ ಸಲ ಕೆಲವು ನಿಮಿಷ ಕಪ್ಪು ಸ್ಕ್ರೀನೇ ಇರಬಹುದು, ಗಾಬರಿಯಾಗಿ ಆಫ್ ಮಾಡಬೇಡಿ. ಬಯೋಸ್ (ವಿಂಡೋಸ್‌ಗೂ ಮೊದಲು ಬೋರ್ಡ್ ತಾನೇ ತೋರಿಸುವ ಸ್ಕ್ರೀನ್) ಕಾಣಿಸಿ ವಿಂಡೋಸ್ ಬರದಿದ್ದರೆ ಡ್ರೈವ್ ಕಡೆ ನೋಡಿ, ಬೋರ್ಡ್ ಬದಲಾಯಿಸಲು ಯಾರಾದರೂ ಹೇಳಿದರೆ ಸುಮ್ನೆ ಎದ್ದು ಬನ್ನಿ.

ನಮ್ಮದಕ್ಕೆ ಬರುತ್ತೇನೆ. ಪವರ್ ಕಾರ್ಡ್ ಕಿತ್ತು, ಉಳಿದ ಚಾರ್ಜ್ ಹೋಗಲಿ ಅಂತ ಬಟನ್ ಒತ್ತಿ ಹಿಡಿದು, ಆಮೇಲೆ ಒಳಗೆ ಕೈ ಹಾಕಿದೆವು. ಗ್ರಾಫಿಕ್ಸ್ ಕಾರ್ಡ್ ತೆಗೆದೆವು. ಮುಂದಿನ ಯುಎಸ್‌ಬಿ ವೈರ್ ತೆಗೆದೆವು. ಎರಡೂ ಡ್ರೈವ್‌ಗಳ ಪವರ್ ಕಿತ್ತೆವು. ಒಂದು ರ‍್ಯಾಮ್, ಪ್ರೊಸೆಸರ್, ಅದರ ಫ್ಯಾನ್ ಇಷ್ಟೇ ಉಳಿಸಿ, ಮಾನಿಟರ್ ಕೇಬಲ್ ಅನ್ನು ಬೋರ್ಡ್‌ನ ಪೋರ್ಟ್‌ಗೆ ಹಾಕಿದೆವು. ನಮ್ಮ ಪ್ರೊಸೆಸರ್‌ನಲ್ಲೇ ಗ್ರಾಫಿಕ್ಸ್ ಇದೆ, ಹಾಗಾಗಿ ಇದು ಸಾಧ್ಯವಾಯಿತು. ಎಲ್ಲಾ ಪ್ರೊಸೆಸರ್‌ನಲ್ಲಿ ಇರುವುದಿಲ್ಲ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಇಲ್ಲ ಅಂತ ಲೆಕ್ಕ.

ಬಟನ್ ಒತ್ತಿದರೆ ಫ್ಯಾನ್ ತಿರುಗಿತು, ತಿರುಗುತ್ತಲೇ ಇತ್ತು. "ಅಕ್ಕಾ, ಬಯೋಸ್ ಬಂತು!" ಅಂತ ತಮ್ಮ ಕೂಗಿದ. ಡೆಡ್ ಅಂದಿದ್ದ ಮದರ್‌ಬೋರ್ಡ್ ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ಟೆಂಪರೇಚರ್ ಎಷ್ಟು, ಎಲ್ಲಾ ತೋರಿಸುತ್ತಿತ್ತು.

ಆಫ್ ಮಾಡಿ, ಪವರ್ ಕಾರ್ಡ್ ಕಿತ್ತು, ಒಂದೊಂದೇ ಸೇರಿಸುತ್ತಾ ಹೋದೆವು. ಗ್ರಾಫಿಕ್ಸ್ ಕಾರ್ಡ್ ಹಾಕಿದರೂ ಬಂತು. ಹಾರ್ಡ್ ಡಿಸ್ಕ್ ಹಾಕಿದರೆ ಟಕ್. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿದರೆ ಅದಕ್ಕೂ ಟಕ್. ಒಂದು ಡ್ರೈವ್ ಶಾರ್ಟ್ ಆದರೆ ಆಯಸ್ಸು ಮುಗಿಯಿತು ಅನ್ನಬಹುದು. ಎರಡು ಬೇರೆ ಬೇರೆ ಡ್ರೈವ್‌ಗಳು ಒಂದೇ ದಿನ ಒಂದೇ ರೀತಿ ಶಾರ್ಟ್ ಆಗುವುದು ಆಯಸ್ಸಿನ ಮಾತಲ್ಲ. ಎರಡಕ್ಕೂ ಇದ್ದದ್ದು ಒಂದೇ ಪವರ್ ಕೇಬಲ್.

ಕ್ಯಾಬಿನೆಟ್‌ನ ಇನ್ನೊಂದು ಬದಿಯ ಮುಚ್ಚಳ ತೆಗೆದೆವು, ಬೋರ್ಡ್‌ನ ಹಿಂಭಾಗದಲ್ಲಿ ಕೇಬಲ್‌ಗಳನ್ನು ಕಟ್ಟಿಡುವ ಕಡೆ. ಬೋರ್ಡ್‌ಗೆ ಪವರ್ ಕೊಡುವ 24 ಪಿನ್ ಕೇಬಲ್ ದುಂಡಗೆ, ಮೇಲೆ ಬಲೆಯಂಥ ಹೊದಿಕೆ. 8 ಪಿನ್‌ನದೂ ಹಾಗೇ. ಡ್ರೈವ್‌ಗಳಿಗೆ ಪವರ್ ಕೊಡುವ ಸಾಟಾ ಕೇಬಲ್ ಮಾತ್ರ ಚಪ್ಪಟೆ, ಮಡಿಕೆಗಳಲ್ಲಿ ಹಳೆಯ ಧೂಳು, ಅದನ್ನು ಬಿಗಿದ ಟ್ಯಾಗ್‌ಗಳೂ ಹಳೆಯವೇ. ಹೊಸ ಎಸ್‌ಎಂಪಿಎಸ್‌ನ ಸಾಟಾ ಕೇಬಲ್ ಅದರ ಡಬ್ಬದಲ್ಲೇ ಇತ್ತು, ಸುತ್ತಿದ ತಂತಿ ಕೂಡ ಬಿಚ್ಚಿರಲಿಲ್ಲ. ಹಿಂದೆ ಕಟ್ಟಿದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟುವ ಕೆಲಸ ಉಳಿಯಲಿ ಅಂತ ಹಳೆಯ ಕೇಬಲ್ ಅನ್ನು ಅಲ್ಲೇ ಬಿಟ್ಟು, ಅದರ ತುದಿಯನ್ನು ಮಾತ್ರ ಹೊಸ ಎಸ್‌ಎಂಪಿಎಸ್‌ಗೆ ಚುಚ್ಚಿದ್ದರು. ಹಳೆಯ 24 ಪಿನ್ ಮತ್ತು 8 ಪಿನ್ ಕೇಬಲ್‌ಗಳ ತುದಿ ಹೊಸದರ ಸಾಕೆಟ್‌ಗೆ ಕೂರುತ್ತಲೇ ಇರಲಿಲ್ಲ, ನಾವು ಹಿಡಿದು ನೋಡಿದೆವು. ಬಹುಶಃ ಅದಕ್ಕೇ ಬೋರ್ಡ್ ಬದುಕಿದ್ದು.

ಸಾಟಾ ಕೇಬಲ್‌ನ ಡ್ರೈವ್ ಕಡೆಯ ತುದಿ ಎಲ್ಲಾ ಕಂಪನಿಗಳದ್ದೂ ಒಂದೇ. ಅದಕ್ಕೆ ಸ್ಟ್ಯಾಂಡರ್ಡ್ ಇದೆ, 15 ಕಾಂಟ್ಯಾಕ್ಟ್‌ಗಳಲ್ಲಿ ಯಾವುದರಲ್ಲಿ ಎಷ್ಟು ವೋಲ್ಟ್ ಅಂತ ನಿಗದಿಯಾಗಿದೆ. ಬೋರ್ಡ್ ಕಡೆಯ 24 ಪಿನ್‌ಗೂ ಹಾಗೇ. ಆದರೆ ಕೇಬಲ್ ಕಳಚಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್‌ಗಳಲ್ಲಿ, ಎಸ್‌ಎಂಪಿಎಸ್‌ಗೆ ಚುಚ್ಚುವ ತುದಿಗೆ ಅಂಥ ನಿಯಮ ಇಲ್ಲ. ಯಾವ ಪಿನ್‌ನಲ್ಲಿ 12, ಯಾವುದರಲ್ಲಿ 5, ಯಾವುದು ಗ್ರೌಂಡ್ ಅಂತ ಪ್ರತಿ ತಯಾರಕರೂ ತಮಗೆ ಬೇಕಾದ ಹಾಗೆ ಇಟ್ಟುಕೊಳ್ಳುತ್ತಾರೆ. ಒಂದೇ ಕಂಪನಿಯ ಎರಡು ಮಾಡೆಲ್‌ಗಳಲ್ಲೇ ಬೇರೆ ಇರುವುದುಂಟು. ಪ್ಲಾಸ್ಟಿಕ್ ಪ್ಲಗ್‌ಗಳ ಆಕಾರ ಮಾತ್ರ ಎಷ್ಟೋ ಸಲ ಒಂದೇ. ಬೇರೆ ಮನೆಯ ಬೀಗಕ್ಕೆ ನಮ್ಮ ಕೀಲಿ ಹೋದ ಹಾಗೆ, ಒಳಗೆ ಹೋಯಿತು ಅಂದ ಮಾತ್ರಕ್ಕೆ ಅದು ಅದರದ್ದಾಗುವುದಿಲ್ಲ.

ಡ್ರೈವ್‌ಗಳನ್ನು ಬದಿಗಿಟ್ಟು ಆ ಕೇಬಲ್ ಅನ್ನು ಮಲ್ಟಿಮೀಟರ್‌ನಲ್ಲಿ ಅಳೆದೆವು. ಅದೇ ಕೇಬಲ್‌ನ ಕೊನೆಗೆ ಹಳೆಯ ಕಾಲದ ನಾಲ್ಕು ತೂತಿನ ಮೋಲೆಕ್ಸ್ ಕನೆಕ್ಟರ್ ಇತ್ತು. ಅದರಲ್ಲಿ ಅಳೆಯುವುದು ಸುಲಭ: ನಡುವಿನ ಎರಡು ಗ್ರೌಂಡ್, ಒಂದು ತುದಿಯಲ್ಲಿ 12, ಇನ್ನೊಂದು ತುದಿಯಲ್ಲಿ 5. ಬಣ್ಣದ ವೈರ್ ಇದ್ದರೆ ಹಳದಿ 12, ಕೆಂಪು 5, ಕಪ್ಪು ಗ್ರೌಂಡ್. ನಮ್ಮದು ಪೂರ್ತಿ ಕಪ್ಪು, ಹಾಗಾಗಿ ಕನೆಕ್ಟರ್‌ನ ಆಕಾರ ನೋಡಿಯೇ ಗುರುತಿಸಬೇಕಾಯಿತು. 5 ಇರಬೇಕಾದ ಕಡೆ ಮೀಟರ್ 12 ತೋರಿಸಿತು. 12 ಇರಬೇಕಾದ ಕಡೆ 5. ಅಲ್ಲಿಗೆ ಎಲ್ಲಾ ಅರ್ಥವಾಯಿತು. 5 ವೋಲ್ಟ್ ಲೈನ್ ಶೇಕಡಾ 5ರಷ್ಟು ಮಾತ್ರ ಆಚೀಚೆ ಆಗಬಹುದು, ಅಂದರೆ 4.75ರಿಂದ 5.25ರ ಒಳಗೆ ಇರಬೇಕು. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಸಾಮಾನ್ಯವಾಗಿ ಬಳಸುವುದೇ ಆ 5 ವೋಲ್ಟ್ ಲೈನ್ ಅನ್ನು. ಹಾರ್ಡ್ ಡಿಸ್ಕ್‌ನಲ್ಲಿ ಮೋಟರ್‌ಗೆ 12, ಎಲೆಕ್ಟ್ರಾನಿಕ್ಸ್‌ಗೆ 5. ಎರಡೂ ಡ್ರೈವ್‌ಗಳ 5ರ ಬಾಯಿಗೆ 12 ನುಗ್ಗಿತ್ತು. ಬೋರ್ಡ್ ಮೇಲೇ ಕೂರುವ ಎಂ.2 ಡ್ರೈವ್ ಇದ್ದಿದ್ದರೆ ಅದಕ್ಕೆ ಈ ಕೇಬಲ್ ಬೇಕಾಗೇ ಇರಲಿಲ್ಲ.

ಅಳೆಯುವುದು ಅಂದರೆ ಕನೆಕ್ಟರ್‌ನಲ್ಲಿ ಮಾತ್ರ. ಎಸ್‌ಎಂಪಿಎಸ್‌ನ ಲೋಹದ ಕವಚ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರ್‌ನಲ್ಲಿ ಜೀವಕ್ಕೆ ಅಪಾಯವಾಗುವಷ್ಟು ಚಾರ್ಜ್ ಉಳಿದಿರಬಹುದು.

ಡೇಟಾ ಕಥೆ ಅರ್ಧ ಸಮಾಧಾನ. ಡೆಸ್ಕ್‌ಟಾಪ್ ಹಾರ್ಡ್ ಡಿಸ್ಕ್‌ಗಳ ಸರ್ಕ್ಯೂಟ್ ಬೋರ್ಡ್‌ನಲ್ಲಿ ಪವರ್ ಒಳಗೆ ಬರುವ ಕಡೆ ಸಾಮಾನ್ಯವಾಗಿ ಟಿವಿಎಸ್ ಡಯೋಡ್ ಅಂತ ಇರುತ್ತದೆ. ವೋಲ್ಟೇಜ್ ಹದ್ದು ಮೀರಿದರೆ ಅದು ತಾನು ಶಾರ್ಟ್ ಆಗಿ ಹಿಂದಿನ ಚಿಪ್‌ಗಳನ್ನು ಕಾಯುತ್ತದೆ. ನಮ್ಮ ಡಿಸ್ಕ್‌ನಲ್ಲಿ ಶಾರ್ಟ್ ಇದ್ದದ್ದು ಅಲ್ಲೇ. ಡೇಟಾ ರಿಕವರಿ ಮಾಡುವವರು ಆ ಡಯೋಡ್ ತೆಗೆದು, ಸರಿಯಾದ ಪವರ್ ಕೊಟ್ಟು, ಎಲ್ಲವನ್ನೂ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಟ್ಟರು. ಆ ಡಿಸ್ಕ್ ಅನ್ನು ಮುಂದೆ ಬಳಸಬಾರದು, ಕಾವಲು ಹೋಗಿರುತ್ತದೆ. ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್‌ನ ಬೋರ್ಡ್ ತಂದು ಹಾಕಿ ನೋಡೋಣ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಈಗಿನ ಡಿಸ್ಕ್‌ಗಳಲ್ಲಿ ಆಯಾ ಡಿಸ್ಕ್‌ಗೆ ಮಾತ್ರ ಹೊಂದುವ ಮಾಹಿತಿ ಬೋರ್ಡ್‌ನ ಚಿಪ್‌ನಲ್ಲಿರುತ್ತದೆ, ಸುಮ್ನೆ ಬದಲಾಯಿಸಿದರೆ ನಡೆಯುವುದಿಲ್ಲ. ಎಸ್‌ಎಸ್‌ಡಿ ಮಾತ್ರ ಉಳಿಯಲಿಲ್ಲ. ತಮ್ಮ ಎಡಿಟ್ ಮಾಡುತ್ತಿದ್ದ ವಿಡಿಯೊಗಳು ಅದರಲ್ಲೇ ಇದ್ದವು.

ರಿಪೇರಿಯವರ ಉತ್ತರ? ಡ್ರೈವ್‌ಗಳು ಮೊದಲೇ ಹೋಗಿದ್ದವು ಅಂದರು. ಕೇಬಲ್ ತೋರಿಸಿದರೆ, "ಕನೆಕ್ಟರ್ ಸರಿಯಾಗಿ ಕೂತಿದೆಯಲ್ಲ ಮೇಡಂ" ಅಂದರು. ಸುಳ್ಳು ಹೇಳುತ್ತಿದ್ದಾರೆ ಅಂತ ನನಗೆ ಅನ್ನಿಸಲಿಲ್ಲ. ನಿಜವಾಗಲೂ ಗೊತ್ತಿರಲಿಲ್ಲ. ಅದೇ ಜಾಸ್ತಿ ಭಯ ಹುಟ್ಟಿಸಿದ್ದು, ಇನ್ನೂ ಎಷ್ಟು ಸಿಸ್ಟಮ್‌ಗೆ ಹೀಗೆ ಮಾಡುತ್ತಾರೋ.

ಹಾಗಾಗಿ ಆನ್ ಆಗದ ಸಿಸ್ಟಮ್ ಅನ್ನು ರಿಪೇರಿಗೆ ಕೊಡುವ ಮೊದಲು ಡ್ರೈವ್‌ಗಳನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ. ಬಯೋಸ್ ಬರುವುದಕ್ಕೆ ಡ್ರೈವ್ ಬೇಕಿಲ್ಲ. ಬೂಟ್ ಡಿವೈಸ್ ಇಲ್ಲ ಅನ್ನುವ ಮೆಸೇಜ್ ಬಂದರೆ ಅಷ್ಟೇ ಸಾಕು, ಬೋರ್ಡ್, ಪ್ರೊಸೆಸರ್, ರ‍್ಯಾಮ್ ಏಳುತ್ತಿವೆ ಅಂತ ಗೊತ್ತಾಗುತ್ತದೆ. ಡ್ರೈವ್ ಇಲ್ಲದೆ ಚೆಕ್ ಮಾಡಲಾಗದು ಅನ್ನುವವರ ಹತ್ತಿರ ಕೊಡಲೇಬೇಡಿ. ಎಸ್‌ಎಂಪಿಎಸ್ ಬದಲಾಯಿಸಿಕೊಂಡು ಬಂದರೆ, ಡ್ರೈವ್ ಸಿಕ್ಕಿಸುವ ಮೊದಲು ಎರಡೂ ಬದಿಯ ಮುಚ್ಚಳ ತೆಗೆದು ಪ್ರತಿ ಕೇಬಲ್ ಅನ್ನೂ ಈ ತುದಿಯಿಂದ ಆ ತುದಿಯವರೆಗೆ ಕೈಯಲ್ಲಿ ಹಿಡಿದು ನೋಡಿ. ಹೊಸ ಡಬ್ಬದಲ್ಲಿ ಕೇಬಲ್ ಮಿಕ್ಕಿದ್ದರೆ ಯಾಕೆ ಮಿಕ್ಕಿದೆ ಅಂತ ಕೇಳಿ. ಮಿಕ್ಕುವುದು ತಪ್ಪಲ್ಲ, ಜಾಸ್ತಿ ಕೇಬಲ್ ಕೊಟ್ಟಿರುತ್ತಾರೆ. ಆದರೆ ಸಾಟಾ ಕೇಬಲ್‌ಗಳೆಲ್ಲ ಡಬ್ಬದಲ್ಲೇ ಇದ್ದರೆ ಡ್ರೈವ್‌ಗೆ ಪವರ್ ಎಲ್ಲಿಂದ ಬರುತ್ತಿದೆ?

ವಾರಂಟಿಯಲ್ಲಿ ಬದಲಿ ಎಸ್‌ಎಂಪಿಎಸ್ ಬಂದಾಗಲೂ ಇದೇ ಎಚ್ಚರ ಬೇಕು. ಕೆಲವು ಸಲ ಕೇಬಲ್ ಇಲ್ಲದೆ ಬರೀ ಯೂನಿಟ್ ಕಳಿಸುತ್ತಾರೆ, ಮಾಡೆಲ್ ಸ್ವಲ್ಪ ಬೇರೆಯೂ ಆಗಿರಬಹುದು. ಹಳೆಯ ಕೇಬಲ್ ಇದಕ್ಕೆ ಹೊಂದುತ್ತದೆಯೇ ಅಂತ ಕಂಪನಿಯಿಂದ ಬರವಣಿಗೆಯಲ್ಲಿ ಉತ್ತರ ತರಿಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಮಾಡ್ಯುಲರ್ ಎಸ್‌ಎಂಪಿಎಸ್ ಅನ್ನು ಅದರದೇ ಕೇಬಲ್ ಇಲ್ಲದೆ ಮಾರುತ್ತಿದ್ದರೆ, ಬೇರೆ ಕೇಬಲ್ ಕೊಡುತ್ತೇವೆ ಅಂದರೂ ತೆಗೆದುಕೊಳ್ಳಬೇಡಿ.