ಮಂಡ್ಯದ ಪ್ರಯಾಣಿಕರಿಗೆ ಕೆಂಗೇರಿ ಬಸ್ ಟರ್ಮಿನಲ್: ಹೋಗುವಾಗ ಅನುಕೂಲ, ಬರುವಾಗ ಅರ್ಧ ಅನುಕೂಲ

ಮಂಡ್ಯ, ಮದ್ದೂರು, ಶ್ರೀರಂಗಪಟ್ಟಣದ ಕಡೆಯಿಂದ ಸಾರಿಗೆ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುವವರು ಈಗಲೂ ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದವರೆಗೆ, ಇಲ್ಲವೇ ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ಕುಳಿತಿರುವುದನ್ನು ನೋಡುತ್ತೇನೆ. ಊರಿನ ಒಳಭಾಗದಲ್ಲಿ ಅಥವಾ ಪೂರ್ವದ ಕಡೆ ಕೆಲಸವಿರುವವರು ಹಾಗೆ ಮಾಡಬೇಕಿಲ್ಲ, ಕೆಂಗೇರಿಯಲ್ಲೇ ಇಳಿದು ಮೆಟ್ರೊ ಹತ್ತುವುದು ಮೇಲು ಎಂಬುದು ಹಲವು ಬಾರಿ ಹೋಗಿಬಂದ ಮೇಲೆ ನನಗೆ ಖಚಿತವಾಗಿರುವ ಅಭಿಪ್ರಾಯ.

2023ರ ಮಾರ್ಚ್‌ನಲ್ಲಿ ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ಮಂಡ್ಯದಿಂದ ಕುಂಬಳಗೋಡಿನವರೆಗಿನ ಪ್ರಯಾಣ ಹಗುರವಾಯಿತು. ಆದರೆ ಅಲ್ಲಿಂದ ಮುಂದೆ ಕೆಂಗೇರಿ, ರಾಜರಾಜೇಶ್ವರಿ ನಗರದ ಗೇಟು, ನಾಯಂಡಹಳ್ಳಿ ದಾಟುವಷ್ಟರಲ್ಲಿ ಹೆದ್ದಾರಿಯಲ್ಲಿ ಉಳಿದ ಸಮಯವೆಲ್ಲ ಸಿಗ್ನಲ್‌ಗಳ ಪಾಲಾಗುತ್ತದೆ. ಮೆಟ್ರೊದ ನೇರಳೆ ಮಾರ್ಗದ ರೈಲು ಇದೇ ರಸ್ತೆಯ ನೆತ್ತಿಯ ಮೇಲೆ ಯಾವ ಅಡೆತಡೆಯೂ ಇಲ್ಲದೆ ಸಾಗುತ್ತದೆ. ಮೈಸೂರು ರಸ್ತೆಯಿಂದ ಕೆಂಗೇರಿಯವರೆಗಿನ ಮಾರ್ಗ 2021ರ ಆಗಸ್ಟ್ ಕೊನೆಯಲ್ಲಿ ಆರಂಭವಾಯಿತು. 2023ರ ಅಕ್ಟೋಬರ್‌ನಲ್ಲಿ ಅದು ಚಲ್ಲಘಟ್ಟದವರೆಗೆ ಮುಂದುವರಿದು, ಅತ್ತ ವೈಟ್‌ಫೀಲ್ಡಿನ ತನಕ ಒಂದೇ ಎಳೆಯಾಯಿತು. ಒಟ್ಟು 43 ಕಿಲೋಮೀಟರಿಗೂ ಹೆಚ್ಚು ದೂರದ, 37 ನಿಲ್ದಾಣಗಳ ಮಾರ್ಗವಿದು. ವಿಧಾನಸೌಧ, ಹೈಕೋರ್ಟಿನ ಕೆಲಸಕ್ಕೆ ಬರುವವರಿಗೂ, ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಗೆ ರೋಗಿಗಳನ್ನು ಕರೆತರುವವರಿಗೂ ಒಮ್ಮೆ ಹತ್ತಿದ ರೈಲನ್ನು ಬದಲಿಸುವ ಪ್ರಮೇಯವೇ ಇಲ್ಲ. ನಗರದ ಆ ತುದಿಯ ಆಸ್ಪತ್ರೆಗೆ ಹೋಗಲು ಹಿಂದೆ ಎರಡು ಮೂರು ಬಸ್ ಬದಲಿಸುತ್ತಿದ್ದ ನಮ್ಮ ಜಿಲ್ಲೆಯವರಿಗೆ ಇದು ಸಣ್ಣ ಉಪಕಾರವಲ್ಲ.

ಇಳಿಯುವಾಗ ಒಂದು ವಿಷಯ ಗಮನದಲ್ಲಿರಲಿ. ಅಲ್ಲಿ 'ಕೆಂಗೇರಿ' ಮತ್ತು 'ಕೆಂಗೇರಿ ಬಸ್ ಟರ್ಮಿನಲ್' ಎಂಬ ಎರಡು ಪ್ರತ್ಯೇಕ ಮೆಟ್ರೊ ನಿಲ್ದಾಣಗಳಿವೆ. ನಗರ ಸಾರಿಗೆಯ ಬಸ್ ನಿಲ್ದಾಣವಿರುವ ಟಿಟಿಎಂಸಿ ಕಟ್ಟಡಕ್ಕೆ ಹೊಂದಿಕೊಂಡಿರುವುದು ಎರಡನೆಯದು. ಚಲ್ಲಘಟ್ಟದಿಂದ ಹೊರಡುವ ರೈಲಿಗೆ ಇದು ಮೂರನೆಯ ನಿಲ್ದಾಣವಾದ್ದರಿಂದ ಬೆಳಗಿನ ಹೊತ್ತಿನಲ್ಲೂ ಕೂರಲು ಜಾಗ ಸಿಗುವ ಸಂಭವ ಹೆಚ್ಚು. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಈ ಒಂದು ಕಾರಣವೇ ಸಾಕೆನಿಸುತ್ತದೆ. ಎಸ್ಕಲೇಟರ್ ಅಲ್ಲದೆ ಲಿಫ್ಟ್ ಕೂಡ ಇರುವುದರಿಂದ ಮಂಡಿನೋವಿನವರು ಹೆದರಬೇಕಾಗಿಲ್ಲ.

ಸಾಮಾನಿನ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಕಡೆಯ ಅಪ್ಪ ಅಮ್ಮಂದಿರು ಬೆಂಗಳೂರಿನಲ್ಲಿರುವ ಮಕ್ಕಳ ಮನೆಗೆ ಬರಿಗೈಯಲ್ಲಿ ಹೋಗುವುದಿಲ್ಲ. ಸುಲಿದ ತೆಂಗಿನಕಾಯಿ, ರಾಗಿ ಹಿಟ್ಟು, ಗೋಣಿದಾರದಲ್ಲಿ ಬಾಯಿ ಹೊಲಿದ ಅಕ್ಕಿ ಚೀಲ ಜೊತೆಯಲ್ಲಿ ಇರಲೇಬೇಕು. ಮೆಟ್ರೊದಲ್ಲಿ ಪ್ರತಿ ಚೀಲವನ್ನೂ ತಪಾಸಣಾ ಯಂತ್ರದ ಬೆಲ್ಟಿನ ಮೇಲೆ ಎತ್ತಿಡಬೇಕು, ಆ ಬದಿಯಲ್ಲಿ ಮತ್ತೆ ಎತ್ತಿಕೊಳ್ಳಬೇಕು, ಲಗೇಜಿನ ಗಾತ್ರ ಮತ್ತು ತೂಕಕ್ಕೆ ಮಿತಿಯೂ ಇದೆ. ಒಮ್ಮೆ ನನ್ನ ಮುಂದಿದ್ದ ಅಜ್ಜಿಯೊಬ್ಬರು ಚೀಲವನ್ನು ಬೆಲ್ಟಿನ ಮೇಲಿಟ್ಟು, ಅದು ರಬ್ಬರಿನ ಪರದೆಯೊಳಗೆ ಸರಿದು ಮರೆಯಾಗುತ್ತಿದ್ದಂತೆ ಗಾಬರಿಯಿಂದ 'ಅಯ್ಯೋ, ನನ್ ಕಾಯಿ ಎತ್ಲಾಗ್ ಹೋದ್ವು ಮಗ' ಎಂದು ಕೇಳಿದರು. ಭದ್ರತೆಯಲ್ಲಿದ್ದ ಹೆಣ್ಣುಮಗಳು ತಾನೇ ಹೋಗಿ ಚೀಲವನ್ನು ಎತ್ತಿ ಅವರ ಕೈಗೆ ಕೊಟ್ಟಳು. ಒಂದೆರಡು ಕೈಚೀಲವಿದ್ದರೆ ಮೆಟ್ರೊ ಹಿಡಿಯಿರಿ. ಮೂಟೆಯಿದ್ದರೆ ಬಸ್ಸೇ ಸರಿ.

ಖರ್ಚಿನ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದಾಗಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಮಹಿಳೆಯರ ಪ್ರಯಾಣ ಉಚಿತ. ಅದೇ ಶೂನ್ಯ ಟಿಕೆಟ್ ಟಿಟಿಎಂಸಿಯಿಂದ ಹೊರಡುವ ಸಾಮಾನ್ಯ ನಗರ ಬಸ್ಸುಗಳಲ್ಲೂ ಸಿಗುತ್ತದೆ, ಮೆಟ್ರೊದಲ್ಲಿ ಸಿಗುವುದಿಲ್ಲ. 2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿ, ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಹೋಯಿತು. ಹೀಗಾಗಿ ಮಂಡ್ಯದಿಂದ ಒಂದು ಪೈಸೆಯನ್ನೂ ಕೊಡದೆ ಬಂದ ಕೂಲಿ ಹೆಣ್ಣುಮಗಳಿಗೆ ವೈಟ್‌ಫೀಲ್ಡಿನವರೆಗಿನ ರೈಲು ದುಬಾರಿಯಾಗಿಯೇ ಕಾಣುತ್ತದೆ, ಮತ್ತು ಅವಳ ಲೆಕ್ಕ ತಪ್ಪಲ್ಲ. ಕೆಂಗೇರಿಯ ನಿಜವಾದ ಹೆಚ್ಚುಗಾರಿಕೆ ನನಗೆ ಕಾಣುವುದು ಇಲ್ಲಿಯೇ: ಸಮಯ ಉಳಿಸಬೇಕಾದವರಿಗೆ ರೈಲು, ಹಣ ಉಳಿಸಬೇಕಾದವರಿಗೆ ಬಸ್ಸು, ಎರಡೂ ಒಂದೇ ಜಾಗದಲ್ಲಿ ದೊರೆಯುತ್ತವೆ. ಮೇಲಿಂದ ಮೇಲೆ ಹೋಗುವವರು ಸ್ಮಾರ್ಟ್ ಕಾರ್ಡ್ ಮಾಡಿಸಿಕೊಳ್ಳುವುದು ಒಳ್ಳೆಯದು, ಶೇ 5ರ ರಿಯಾಯಿತಿಯಿದೆ.

ಇನ್ನು ಮರಳಿ ಬರುವ ಮಾತು. ಇಲ್ಲಿ ನನ್ನ ಮೆಚ್ಚುಗೆ ಕಡಿಮೆಯಾಗುತ್ತದೆ. ಟಿಟಿಎಂಸಿ ನಗರದ ಬಸ್ಸುಗಳಿಗಾಗಿ ಕಟ್ಟಿದ್ದು. ಮಂಡ್ಯ, ಮೈಸೂರಿನ ಬಸ್ಸುಗಳು ರಸ್ತೆಬದಿಯಲ್ಲಿ ನಿಂತು ಹೊರಡುತ್ತವೆ. ಅವು ಸ್ಯಾಟಲೈಟ್‌ನಲ್ಲಿ ಜನರನ್ನು ತುಂಬಿಕೊಂಡೇ ಬರುವುದರಿಂದ ಶನಿವಾರ ಸಂಜೆಯಂಥ ಹೊತ್ತಿನಲ್ಲಿ ಕೆಂಗೇರಿಯಲ್ಲಿ ಸೀಟು ಸಿಗುವ ಭರವಸೆ ಇಟ್ಟುಕೊಳ್ಳುವಂತಿಲ್ಲ. ಮಳೆ ಬಂದರಂತೂ ಮಗುವನ್ನು ಎತ್ತಿಕೊಂಡವರು ನೆನೆಯುತ್ತಾ ಒಂದೊಂದು ಬಸ್ಸಿನ ಬೋರ್ಡನ್ನೂ ಓದುತ್ತಾ ಓಡಾಡಬೇಕಾಗುತ್ತದೆ. ಪಕ್ಕದಲ್ಲೇ ಹರಿಯುವ ವೃಷಭಾವತಿಯ ವಾಸನೆ ಬೇರೆ. ದೂರದ ಊರುಗಳ ಬಸ್ಸುಗಳಿಗೆಂದೇ ಸೂರಿರುವ ಒಂದು ತಂಗುದಾಣ, ಅಲ್ಲಿ ಮುಂದಿನ ಬಸ್ಸಿನ ಹೊತ್ತನ್ನು ತೋರಿಸುವ ಒಂದು ಫಲಕ, ಇವಿಷ್ಟು ಬಂದರೆ ಈ ಕೊರತೆಯ ಬಹುಪಾಲು ನೀಗುತ್ತದೆ.

ಅಲ್ಲಿಯವರೆಗೆ ಬರುವಾಗ ಕೆಂಗೇರಿಯನ್ನು ಬಿಟ್ಟು, ದೀಪಾಂಜಲಿ ನಗರ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಸಮೀಪದ ಸ್ಯಾಟಲೈಟ್ ನಿಲ್ದಾಣಕ್ಕೆ ನಡೆದುಹೋಗಿ ಬಸ್ ಹೊರಡುವ ಜಾಗದಲ್ಲೇ ಹತ್ತುವುದು ಉತ್ತಮ. ಸೀಟೂ ಸಿಗುತ್ತದೆ, ಯಾವ ಬಸ್ ಮದ್ದೂರಿನಲ್ಲಿ ನಿಲ್ಲುತ್ತದೆ, ಯಾವುದು ತಡೆರಹಿತ ಎಂದು ನಿಧಾನವಾಗಿ ವಿಚಾರಿಸಲೂಬಹುದು. 'ಮೈಸೂರು ರಸ್ತೆ' ಎಂಬ ಹೆಸರನ್ನು ಕೇಳಿ ಆ ಮೆಟ್ರೊ ನಿಲ್ದಾಣದಲ್ಲಿ ಇಳಿಯಬೇಡಿ. ಮೈಸೂರಿನ ಬಸ್ಸುಗಳಿಗೆ ಹತ್ತಿರವಾದದ್ದು ದೀಪಾಂಜಲಿ ನಗರವೇ.